ಶೀಲವೆಂಬುದು ಯಾವುದು, ಅದು ಉತ್ತಮಗೊಳ್ಳುವ ಬಗೆ ಹೇಗೆ?

ಪ್ರತಿವರ್ಷವೂ ಮೇಲ್ತರಗತಿಯ ಹುಡುಗಿಯರು ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಹೊರಡುವಾಗ ಅವರ ಕೈಗೆ ಒಂದು ವರ್ಗಾವಣೆ ಪತ್ರವನ್ನು ಕೊಡುವ ಪದ್ಧತಿ ಇದೆಯಷ್ಟೆ. ಅದರಲ್ಲಿ ಜನನದ ತಾರೀಖು, ಓದಿದ ತರಗತಿ, ಶಾಲೆಯನ್ನು ಬಿಟ್ಟ ದಿನ ಮುಂತಾದವುಗಳೊಡನೆ 'ನಡತೆ' ಎಂಬ ಒಂದು ಅಂಕಣವೂ ಉಂಟು. ಆ ಅಂಕಣದಲ್ಲಿ ಒಂದು ಮಾತಿಗಿಂತ ಹೆಚ್ಚಿಗೆ ಬರೆಯಲು ಸ್ಥಳವಿರುವುದಿಲ್ಲ. 'ಉತ್ತಮ' ಎಂದೋ 'ತೃಪ್ತಿಕರ' ಎಂದೋ ಬರೆದು ಕೆಳಗೆ ಸಹಿಮಾಡಿ ಮೊಹರನ್ನು ಒತ್ತುವುದೇ ವಾಡಿಕೆ. ಜನನದ ತಾರೀಖನ್ನು ದಾಖಲೆಯನ್ನು ನೋಡಿ ಬರೆಯಬಹುದು. ನಡತೆಯನ್ನು ಯಾವ ದಾಖಲೆಯನ್ನು ನೋಡಿ ಬರೆಯಬೇಕು? ಒಬ್ಬ ಹುಡುಗಿಯ ಶೀಲವನ್ನು ನಾವು ಬಲ್ಲೆವೆಂದು ಹೇಳುವಾಗ ನಿಜವಾಗಿ ಏನನ್ನು ಬಲ್ಲೆವು? ಅದು ಉತ್ತಮವಾಗಿಲ್ಲದಿದ್ದರೆ ಉತ್ತಮಗೊಳ್ಳುವ ದಾರಿ ಯಾವುದು? ಹೆಣ್ಣುಮಕ್ಕಳ ಶಿಕ್ಷಣವನ್ನೇ ಜೀವನದ ಕೆಲಸವಾಗಿ ಕೈಕೊಂಡಿರುವ ನಮಗೆ ಈ ಪ್ರಶ್ನೆಗಳಿಗಿಂತ ಹತ್ತಿರದ ಪ್ರಶ್ನೆಗಳು ಬೇರೆ ಇಲ್ಲವಾದುದರಿಂದ, ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ನಮ್ಮ ಅಭಿಪ್ರಾಯವನ್ನು ಇಡಬಯಸುತ್ತೇವೆ.

ನಮ್ಮ ಜನರಲ್ಲಿ ಈ ವಿಷಯವಾಗಿ ಎರಡು ಗಾದೆಗಳು ಬಹಳವಾಗಿ ಬಳಕೆಯಲ್ಲಿವೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬುದು ಒಂದು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬುದು ಇನ್ನೊಂದು. ಮೊದಲನೆಯದು ಗುಣವನ್ನು ಹುಟ್ಟಿನೊಡನೆ ಬಂದ ಸೊತ್ತೆನ್ನುತ್ತದೆ. ಎರಡನೆಯದು ಬಾಲ್ಯದಲ್ಲಿ ತಿದ್ದಿದರೆ ಸರಿ, ಆಮೇಲೆ ಸಾಧ್ಯವಿಲ್ಲವೆನ್ನುತ್ತದೆ. ಗಾದೆಗಳಲ್ಲಿ ಹಿರಿಯರ ಅನುಭವವು ಅಡಗಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಎಚ್ಚರಿಕೆಯ ಮಾತಾಗಿ ಅವು ಒಳ್ಳೆಯವೇ. ಆದರೆ ಅವನ್ನು ತೀರ್ಪಾಗಿ ಮಾಡಿಕೊಂಡಾಗ ದೊಡ್ಡ ಹಾನಿಯುಂಟಾಗುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು ನೆರೆಯವಳ ಬಣ್ಣದ ಪೆನ್ಸಿಲನ್ನು ತನ್ನ ಚೀಲದಲ್ಲಿ ಹಾಕಿಕೊಂಡಳೆನ್ನೋಣ. ತರಗತಿಯ ನಡುವೆ ಅವಳಿಗೆ 'ಕಳ್ಳಿ' ಎಂಬ ಹೆಸರು ಬೀಳುತ್ತದೆ. ಮನೆಯಲ್ಲಿ ಯಾರೋ ಒಬ್ಬರು 'ಇವಳು ಇಂಥವರ ಹಾಗೆಯೇ' ಎಂದು ಹಿಂದಿನ ತಲೆಮಾರನ್ನು ಎಳೆದು ತರುತ್ತಾರೆ. ಪೆನ್ಸಿಲು ಆ ದಿನವೇ ಒಡತಿಯ ಬಳಿಗೆ ಹಿಂದಿರುಗುತ್ತದೆ; ಆ ಹೆಸರು ಮಾತ್ರ ಹತ್ತನೆಯ ತರಗತಿಯವರೆಗೂ ಅವಳ ಬೆನ್ನು ಬಿಡುವುದಿಲ್ಲ. ಮುಂದೆ ಯಾರ ಯಾವ ವಸ್ತು ಕಾಣೆಯಾದರೂ ಎಲ್ಲರ ಕಣ್ಣು ಮೊದಲು ಅವಳ ಕಡೆಗೇ ತಿರುಗುತ್ತದೆ.

ಶೀಲವೆಂಬುದು ಒಂದೇ ಕಲ್ಲಿನಲ್ಲಿ ಕಡೆದ ವಿಗ್ರಹದಂತಿರುವುದಿಲ್ಲವೆಂಬುದು ನಮ್ಮ ನಂಬಿಕೆ. ಅದು ಅನೇಕ ಸಣ್ಣ ಸಣ್ಣ ಅಭ್ಯಾಸಗಳು ಹೆಣೆದುಕೊಂಡು ಆದ ಚಾಪೆಯಂಥದು. ಕೆಲವು ಎಳೆಗಳು ಗಟ್ಟಿಯಾಗಿರುತ್ತವೆ, ಕೆಲವು ಸಡಿಲವಾಗಿರುತ್ತವೆ. ಆದುದರಿಂದ ಯಾರ ಶೀಲವನ್ನಾಗಲಿ ಒಂದು ಮಾತಿನಲ್ಲಿ ತೀರ್ಮಾನಿಸಲಾಗದು. ಆದರೆ ಅದೇ ಕಾರಣದಿಂದ ಶೀಲವನ್ನು ಒಂದೊಂದು ಎಳೆಯಾಗಿ, ಯಾವ ವಯಸ್ಸಿನಲ್ಲಿಯಾದರೂ ತಿದ್ದಿಕೊಳ್ಳಲು ಸಾಧ್ಯವಿದೆ. ಈ ಮಾತಿಗೆ ಆಧಾರಗಳನ್ನು ಕೊಡುವುದಕ್ಕೆ ಮುಂಚೆ 'ಶೀಲ' ಎಂಬ ಶಬ್ದವನ್ನೇ ಸ್ವಲ್ಪ ಪರಿಶೀಲಿಸುವುದು ಅವಶ್ಯ.

ಗಂಡಸಿನ ವಿಷಯದಲ್ಲಿ ಶೀಲವೆಂದರೆ ಸತ್ಯ, ಧೈರ್ಯ, ಕೊಟ್ಟ ಮಾತನ್ನು ನಡೆಸುವುದು, ಲಂಚಕ್ಕೆ ಕೈಯೊಡ್ಡದಿರುವುದು ಎಂದು ಜನರು ಅರ್ಥಮಾಡುತ್ತಾರೆ. ಹೆಣ್ಣಿನ ವಿಷಯಕ್ಕೆ ಬಂದಕೂಡಲೆ ಅದೇ ಶಬ್ದವು ಸಂಕೋಚಗೊಂಡು ಒಂದೇ ಒಂದು ಅರ್ಥದಲ್ಲಿ ನಿಲ್ಲುತ್ತದೆ. ಅದೂ ಅವಳ ನಿಜವಾದ ನಡತೆಗಿಂತ ಹೆಚ್ಚಾಗಿ ಅಕ್ಕಪಕ್ಕದವರ ಮಾತಿನ ಮೇಲೆ ನಿಂತಿರುತ್ತದೆ. ಅಲ್ಲದೆ, ತಗ್ಗಿದ ಧ್ವನಿಯಲ್ಲಿ ಮಾತಾಡುವವಳು, ಎದುರು ಪ್ರಶ್ನೆ ಕೇಳದವಳು, ಹೇಳಿದ್ದಕ್ಕೆಲ್ಲ ತಲೆಯಾಡಿಸುವವಳು ಒಳ್ಳೆಯ ಹುಡುಗಿಯೆನಿಸಿಕೊಳ್ಳುತ್ತಾಳೆ. ವಿನಯವು ದೊಡ್ಡ ಗುಣವೇ ಹೌದು. ಆದರೆ ಅಂಜಿಕೆಯು ವಿನಯದ ಸೀರೆಯನ್ನು ಉಟ್ಟು ಬಂದಾಗ ಎರಡಕ್ಕೂ ಇರುವ ಭೇದವನ್ನು ಗುರುತಿಸಲು ಹಿರಿಯರು ಕಲಿಯಬೇಕು. ಬಡ ಸಹಪಾಠಿಯೊಬ್ಬಳನ್ನು ಉಳಿದವರು ಹಾಸ್ಯಮಾಡುವಾಗ 'ಇದು ತಪ್ಪು' ಎಂದು ಎದ್ದುನಿಂತು ಹೇಳುವ ಹುಡುಗಿಯಲ್ಲಿ ಶೀಲವುಂಟು. ತಲೆತಗ್ಗಿಸಿ ಸುಮ್ಮನಿದ್ದು ಎಲ್ಲರಿಂದಲೂ ಸಾಧುವೆನಿಸಿಕೊಂಡವಳಲ್ಲಿ ಅದು ಇದೆಯೋ ಇಲ್ಲವೋ ಇನ್ನೂ ಗೊತ್ತಾಗಿಲ್ಲ.

ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಇಲ್ಲಿ ನೆನೆಯುವುದು ತಕ್ಕುದಾಗಿದೆ. ಅವರು 1858ನೆಯ ಇಸವಿಯಲ್ಲಿ, ಇಂದು ಕರ್ನಾಟಕಕ್ಕೆ ಸೇರಿರುವ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಅವರ ತಂದೆ ಅನಂತಶಾಸ್ತ್ರಿಗಳು ತಮ್ಮ ಹೆಂಡತಿಗೂ ಮಗಳಿಗೂ ಸಂಸ್ಕೃತವನ್ನು ಕಲಿಸಿದರು. ಆ ಕಾಲದಲ್ಲಿ ಅದು ಜನರ ವಿರೋಧಕ್ಕೆ ಗುರಿಯಾದ ಕಾರ್ಯ. 1882ರಲ್ಲಿ ಸರಕಾರದವರು ನೇಮಿಸಿದ ಹಂಟರ್ ಶಿಕ್ಷಣ ಆಯೋಗದ ಮುಂದೆ ರಮಾಬಾಯಿಯವರು ನಿಂತು, ಹೆಣ್ಣುಮಕ್ಕಳಿಗೆ ಕಲಿಸಲು ಹೆಂಗಸರೇ ಉಪಾಧ್ಯಾಯಿನಿಯರಾಗಬೇಕು, ಹೆಂಗಸರ ರೋಗಗಳಿಗೆ ಹೆಂಗಸರೇ ವೈದ್ಯರಾಗಬೇಕು ಎಂದು ಸಾಕ್ಷ್ಯ ನುಡಿದರು. ಆಗ ಅವರು ಇಪ್ಪತ್ತನಾಲ್ಕು ವರ್ಷದ ವಿಧವೆ. ಕೈಯಲ್ಲಿ ಎಳೆಯ ಮಗಳು. ನೆರೆಹೊರೆಯವರ ಬಾಯಿಗೆ ಅಂಜಿದ್ದರೆ ಆ ಸಾಕ್ಷ್ಯವು ಹೊರಬರುತ್ತಿರಲಿಲ್ಲ. ಕಷ್ಟ ಬಂದಾಗಲೂ ನಷ್ಟವಾದಾಗಲೂ ಒಳ್ಳೆಯದನ್ನೇ ಮಾಡುವ ಸ್ಥಿರವಾದ ಮನಸ್ಸೇ ಶೀಲ. ಗಂಡಿಗೊಂದು ಹೆಣ್ಣಿಗೊಂದು ಎಂದು ಅದರಲ್ಲಿ ಎರಡು ಅಳತೆಗಳಿಲ್ಲ.

ಇನ್ನು, ಇಂಥ ಸ್ಥಿರವಾದ ಮನಸ್ಸು ಮನುಷ್ಯರಲ್ಲಿ ಎಷ್ಟರಮಟ್ಟಿಗೆ ಇದೆ? ಅಮೆರಿಕ ದೇಶದಲ್ಲಿ ಹ್ಯೂ ಹಾರ್ಟ್ಸ್‌ಹಾರ್ನ್ ಮತ್ತು ಮಾರ್ಕ್ ಮೇ ಎಂಬ ಇಬ್ಬರು ವಿದ್ವಾಂಸರು ಸಾವಿರಾರು ಶಾಲಾಮಕ್ಕಳನ್ನು ಪರೀಕ್ಷಿಸಿ, 1928ರಿಂದ 1930ರ ವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದರು. ಅವರು ಮಕ್ಕಳನ್ನು 'ನೀನು ಪ್ರಾಮಾಣಿಕಳೋ?' ಎಂದು ಕೇಳಲಿಲ್ಲ. ಉತ್ತರಪತ್ರಿಕೆಗಳನ್ನು ಗುಟ್ಟಾಗಿ ನಕಲು ತೆಗೆದಿಟ್ಟುಕೊಂಡು, ಮೂಲವನ್ನು ಮಕ್ಕಳ ಕೈಗೇ ಕೊಟ್ಟು ತಾವೇ ಅಂಕ ಹಾಕಿಕೊಳ್ಳುವಂತೆ ಹೇಳಿದರು; ನಾಣ್ಯಗಳಿದ್ದ ಪೆಟ್ಟಿಗೆಯನ್ನು ಆಟದ ಸಾಮಾನಾಗಿ ಕೊಟ್ಟು ಹಿಂದಕ್ಕೆ ಪಡೆದರು; ಅಂಗಸಾಧನೆಯ ಪಂದ್ಯಗಳಲ್ಲಿ ತಮ್ಮ ಫಲವನ್ನು ತಾವೇ ಬರೆದುಕೊಳ್ಳಲು ಬಿಟ್ಟರು. ಇವುಗಳಲ್ಲಿ ಕಂಡ ಸಂಗತಿಯು ಆಶ್ಚರ್ಯಕರವಾಗಿತ್ತು. ಲೆಕ್ಕದ ಪರೀಕ್ಷೆಯಲ್ಲಿ ಉತ್ತರವನ್ನು ತಿದ್ದಿದ ಮಗು ನಾಣ್ಯವನ್ನು ಮುಟ್ಟದೆ ಇರಬಹುದು. ನಾಣ್ಯವನ್ನು ತೆಗೆದುಕೊಂಡ ಮಗು ಪಂದ್ಯದಲ್ಲಿ ಸತ್ಯವನ್ನೇ ಬರೆಯಬಹುದು. ಒಂದು ಕಡೆಯ ನಡತೆಯಿಂದ ಇನ್ನೊಂದು ಕಡೆಯ ನಡತೆಯನ್ನು ಊಹಿಸುವುದು ಬಹಳ ಕಷ್ಟವೆಂದು ತಿಳಿದುಬಂತು. ಮಕ್ಕಳನ್ನು ಕಳ್ಳರು, ಸತ್ಯವಂತರು ಎಂದು ಎರಡು ಸಾಲಾಗಿ ನಿಲ್ಲಿಸುವುದು ಸಾಧ್ಯವಾಗಲಿಲ್ಲ. ಹೆಚ್ಚಿನ ಮಕ್ಕಳು ನಡುವೆ ಎಲ್ಲಿಯೋ ನಿಂತಿದ್ದರು. ಯಾವುದು ಸರಿ ಯಾವುದು ತಪ್ಪು ಎಂದು ಬಾಯಿಪಾಠವಾಗಿ ಬಲ್ಲವರು ಅಷ್ಟರಿಂದಲೇ ಹೆಚ್ಚು ಪ್ರಾಮಾಣಿಕರಾಗಿರಲೂ ಇಲ್ಲ.

ಇದರಿಂದ ಶೀಲವೆಂಬುದೇ ಇಲ್ಲವೆಂದು ಹೇಳತಕ್ಕದ್ದಲ್ಲ. 1963ರಲ್ಲಿ ಅದೇ ಅಂಕಿಗಳನ್ನು ಪುನಃ ಪರಿಶೀಲಿಸಿದಾಗ, ಎಲ್ಲ ಸಂದರ್ಭಗಳಲ್ಲಿಯೂ ಹರಿದುಬರುವ ಒಂದು ಸಾಮಾನ್ಯ ಪ್ರಾಮಾಣಿಕತೆಯೂ ಸ್ವಲ್ಪಮಟ್ಟಿಗೆ ಉಂಟೆಂಬುದು ಕಂಡುಬಂದಿತು. ಒಂದು ದಿನದ ಒಂದು ಕೃತ್ಯವನ್ನು ನೋಡಿ ತೀರ್ಮಾನಿಸಿದರೆ ಮೋಸಹೋಗುತ್ತೇವೆ. ಅನೇಕ ದಿನಗಳ ಅನೇಕ ಕೃತ್ಯಗಳನ್ನು ನೋಡಿದರೆ ಒಂದು ರೂಪವು ಮೆಲ್ಲನೆ ಕಾಣುತ್ತದೆ. ಆಗಲೂ ನಾವು ಹೇಳಬಹುದಾದದ್ದು 'ಈಕೆ ಒಳ್ಳೆಯವಳು' ಎಂಬುದಲ್ಲ. 'ಹಣದ ವಿಷಯದಲ್ಲಿ ಈಕೆಯನ್ನು ಪೂರ್ತಿಯಾಗಿ ನಂಬಬಹುದು, ಗೆಳತಿಯರ ಮುಂದೆ ಮಾನ ಉಳಿಸಿಕೊಳ್ಳುವುದಕ್ಕಾಗಿ ಮಾತ್ರ ಕೆಲವು ವೇಳೆ ಸುಳ್ಳಾಡುತ್ತಾಳೆ' ಎಂಬಂಥ ಮಾತು. ಹೀಗೆ ಸ್ಥಳವನ್ನು ಗುರುತಿಸಿ ಹೇಳಿದ ಮಾತಿನಿಂದ ಸಹಾಯವಾಗುತ್ತದೆ. ಚಾಪೆಯಲ್ಲಿ ಯಾವ ಎಳೆ ಸಡಿಲವಾಗಿದೆಯೆಂದು ತಿಳಿದಾಗಲೇ ಅದನ್ನು ಬಿಗಿಯಲು ಸಾಧ್ಯ.

ಮಕ್ಕಳ ಮಾತು ಹಾಗಿರಲಿ, ಪ್ರಾಯದವರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಅದೇ ದೇಶದ ಪ್ರಿನ್ಸ್‌ಟನ್ ನಗರದ ದೇವಜ್ಞಾನ ಶಾಲೆಯಲ್ಲಿ ಬೋಧಕರಾಗಲು ಓದುತ್ತಿದ್ದ ನಲವತ್ತು ಮಂದಿಯ ಮೇಲೆ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಮಾಡಿದ ಪ್ರಯೋಗವು 1973ರಲ್ಲಿ ಪ್ರಕಟವಾಯಿತು. ಈ ವಿದ್ಯಾರ್ಥಿಗಳು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಿ ಒಂದು ಚಿಕ್ಕ ಭಾಷಣವನ್ನು ಮಾಡಬೇಕಾಗಿತ್ತು. ಕೆಲವರಿಗೆ ಕೊಟ್ಟ ವಿಷಯವು ಒಳ್ಳೆಯ ಸಮಾರ್ಯದವನ ಸಾಮ್ಯವೇ ಆಗಿತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಧರ್ಮಪಂಡಿತರು ದಾಟಿಹೋದರೆ ಅನ್ಯನೊಬ್ಬನು ನಿಂತು ಉಪಚರಿಸಿದನೆಂಬ ಆ ಕಥೆಯನ್ನು ನಮ್ಮ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ವಿದ್ಯಾರ್ಥಿಗಳು ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನನ್ನು ಕೆಮ್ಮುತ್ತಾ ನರಳುತ್ತಾ ಕುಸಿದು ಕುಳಿತಿರುವಂತೆ ಇರಿಸಲಾಗಿತ್ತು. ಸಮಯವು ಬೇಕಾದಷ್ಟಿದೆಯೆಂದು ತಿಳಿದು ಹೊರಟವರಲ್ಲಿ ನೂರಕ್ಕೆ 63 ಮಂದಿ ನಿಂತು ಸಹಾಯಮಾಡಿದರು. ಸ್ವಲ್ಪ ಅವಸರದಲ್ಲಿದ್ದವರಲ್ಲಿ ನೂರಕ್ಕೆ 45 ಮಂದಿ. ಹೊತ್ತು ಮೀರಿತೆಂದು ಓಡುತ್ತಿದ್ದವರಲ್ಲಿ ನೂರಕ್ಕೆ 10 ಮಂದಿ ಮಾತ್ರ. ಸಮಾರ್ಯದವನ ವಿಷಯವಾಗಿಯೇ ಮಾತಾಡಲು ಹೊರಟಿದ್ದುದರಿಂದ ಹೇಳತಕ್ಕಷ್ಟು ಹೆಚ್ಚಿನ ಸಹಾಯವೇನೂ ದೊರೆಯಲಿಲ್ಲ. ಕಥೆಯನ್ನು ಬಲ್ಲವನು ಅದೇ ಕಥೆಯೊಳಗೆ ನಡೆದುಹೋದರೂ ತನ್ನ ಪಾತ್ರವನ್ನು ಗುರುತಿಸಲಿಲ್ಲ. ಆ ವಿದ್ಯಾರ್ಥಿಗಳು ಕೆಟ್ಟವರೇ? ಹಾಗೆ ಹೇಳಲು ನಮ್ಮಲ್ಲಿ ಯಾರಿಗೂ ಧೈರ್ಯ ಬರಲಾರದು. ಬೆಳಗಿನ ಗಂಟೆ ಬಾರಿಸುವ ಮುಂಚೆ ಶಾಲೆಯ ಮೆಟ್ಟಲುಗಳನ್ನು ಹತ್ತುವಾಗ ಅಳುತ್ತಾ ನಿಂತ ಮಗುವನ್ನು ನಾವೆಲ್ಲರೂ ಎಷ್ಟು ಸಾರಿ ಕಾಣದೆ ಹೋಗಿರಬಹುದು!

ಹಾಗಾದರೆ ಕಾವಲನ್ನು ಬಿಗಿಮಾಡಿದರೆ ಸಾಕು, ಶೀಲವೆಂಬುದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. 2024ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕರ್ನಾಟಕದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಇರಿಸಿ ದೂರದಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಏರ್ಪಾಡು ಬಂತು. ಹಿಂದಿನ ವರ್ಷ ನೂರಕ್ಕೆ ಸುಮಾರು 84 ಇದ್ದ ತೇರ್ಗಡೆ ಆ ವರ್ಷ ಸುಮಾರು 73ಕ್ಕೆ ಇಳಿಯಿತು. ಈ ಇಳಿತಕ್ಕೆಲ್ಲ ಕಾರಣವು ಒಂದೇ ಎಂದು ಹೇಳುವುದು ನ್ಯಾಯವಲ್ಲ. ಆದರೂ ನೋಡುವ ಕಣ್ಣು ಇದ್ದಾಗ ಒಂದು ನಡತೆ, ಇಲ್ಲದಿದ್ದಾಗ ಇನ್ನೊಂದು ನಡತೆ ಎಂಬುದು ಎಲ್ಲರೂ ಬಲ್ಲ ಮಾತು. ಕಾವಲು ಬೇಡವೆಂದು ನಾವು ಹೇಳುವುದಿಲ್ಲ. ಕಷ್ಟಪಟ್ಟು ಓದಿದ ಹುಡುಗಿಗೆ ಅನ್ಯಾಯವಾಗದಂತೆ ಅದು ಕಾಯುತ್ತದೆ. ಆದರೆ ಕಾವಲಿನಿಂದ ಕೃತ್ಯವನ್ನು ತಡೆಯಬಹುದಲ್ಲದೆ ಮನಸ್ಸನ್ನು ಕಟ್ಟಲಾಗದು. ಈ ಹುಡುಗಿಯರು ನಾಳೆ ಆಸ್ಪತ್ರೆಗಳಲ್ಲಿ ಔಷಧವನ್ನು ಅಳೆಯುವರು, ಬ್ಯಾಂಕುಗಳಲ್ಲಿ ಪರರ ಹಣವನ್ನು ಎಣಿಸುವರು, ಮನೆಗಳಲ್ಲಿ ವೃದ್ಧರ ಸೇವೆ ಮಾಡುವರು. ಅಲ್ಲೆಲ್ಲ ಕ್ಯಾಮರಾ ಇರುವುದಿಲ್ಲ. ಇದ್ದರೂ ಅದಕ್ಕೆ ಕಾಣದ ಮೂಲೆಗಳು ಬೇಕಾದಷ್ಟು ಇರುತ್ತವೆ.

ಆದುದರಿಂದ ಮನುಷ್ಯನು ನಿಜವಾಗಿ ಉತ್ತಮನಾಗುವ ದಾರಿಯನ್ನು ವಿಚಾರಮಾಡೋಣ. ಮೊದಲನೆಯ ಹೆಜ್ಜೆ, ತನ್ನ ಕುಂದು ಎಲ್ಲಿದೆಯೆಂಬುದನ್ನು ಸ್ಪಷ್ಟವಾಗಿ ಕಾಣುವುದು. 'ನಾನು ಒಳ್ಳೆಯವಳಾಗುತ್ತೇನೆ' ಎಂಬ ಸಂಕಲ್ಪವು ದೊಡ್ಡದಾಗಿ ಕಾಣುವುದು, ಆದರೆ ಅದಕ್ಕೆ ಹಿಡಿಯಲು ಹಿಡಿಕೆಯಿಲ್ಲ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವಂತೆ, ಅವನು ಹದಿಮೂರು ಸದ್ಗುಣಗಳನ್ನು ಪಟ್ಟಿಮಾಡಿ ಒಂದು ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಗೆರೆ ಎಳೆದುಕೊಂಡು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆಯನ್ನು ಇಡುತ್ತಿದ್ದನು. ಒಂದು ವಾರಕ್ಕೆ ಒಂದು ಗುಣದ ಮೇಲೆ ಮಾತ್ರ ವಿಶೇಷ ಗಮನ. ಹದಿಮೂರು ವಾರಗಳಿಗೆ ಒಂದು ಸುತ್ತು. ವರ್ಷಕ್ಕೆ ನಾಲ್ಕು ಸುತ್ತುಗಳು. ಮೊದಲು ಪಟ್ಟಿಯಲ್ಲಿ ಹನ್ನೆರಡೇ ಗುಣಗಳಿದ್ದವು. ಅವನು ಗರ್ವಿಯೆಂದು ಸ್ನೇಹಿತನೊಬ್ಬನು ಸೌಮ್ಯವಾಗಿ ತಿಳಿಸಿದ ಮೇಲೆ ವಿನಯವನ್ನು ಹದಿಮೂರನೆಯದಾಗಿ ಸೇರಿಸಿದನು. ತನ್ನ ಬೆನ್ನನ್ನು ತಾನು ಕಾಣಲಾರದಂತೆ ನಮ್ಮ ಕುಂದುಗಳಲ್ಲಿ ಕೆಲವು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅವನ್ನು ಪ್ರೀತಿಯಿಂದ ತೋರಿಸುವ ಸ್ನೇಹಿತರು ಬೇಕು. ಪದಾರ್ಥಗಳನ್ನು ಅವುಗಳ ಸ್ಥಳದಲ್ಲಿಡುವ ವ್ಯವಸ್ಥೆಯ ಗುಣವು ಅವನಿಗೆ ಕೊನೆಯವರೆಗೂ ಪೂರ್ತಿಯಾಗಿ ಸಿದ್ಧಿಸಲಿಲ್ಲ. ಆದರೂ ಆ ಪ್ರಯತ್ನದಿಂದ ತಾನು ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದು ಅವನು ಬರೆದಿದ್ದಾನೆ. ಪೂರ್ಣತೆ ದೊರೆಯಲಿಲ್ಲವೆಂದು ಪ್ರಯತ್ನವು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಎರಡನೆಯ ಹೆಜ್ಜೆ ಅಭ್ಯಾಸ. ವೀಣೆಯನ್ನು ಬಾರಿಸಿಯೇ ವೈಣಿಕಳಾಗುವಂತೆ ನ್ಯಾಯದ ಕೆಲಸಗಳನ್ನು ಮಾಡುತ್ತಾ ಮಾಡುತ್ತಾ ಮನುಷ್ಯನು ನ್ಯಾಯವಂತನಾಗುವನೆಂಬುದು ಗ್ರೀಕ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲನ ಬೋಧೆಯ ಸಾರ. ಮನಸ್ಸು ಮೊದಲು ಶುದ್ಧವಾಗಲಿ, ಆಮೇಲೆ ಒಳ್ಳೆಯದನ್ನು ಮಾಡೋಣವೆಂದು ಕಾಯುವವಳು ದಡದಲ್ಲಿಯೇ ಕುಳಿತು ಈಜು ಕಲಿಯಲು ಕಾದಿರುವವಳಂತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಶೋಧಕರು 96 ಮಂದಿಯನ್ನು ಆರಿಸಿ, ಊಟದೊಡನೆ ಒಂದು ಲೋಟ ನೀರು ಕುಡಿಯುವಂಥ ಒಂದು ಹೊಸ ಕೆಲಸವನ್ನು ಪ್ರತಿದಿನವೂ ಮಾಡಿಸಿದರು. ಅದು ಆಲೋಚನೆಯಿಲ್ಲದೆ ತಾನಾಗಿಯೇ ನಡೆಯುವಂತಾಗಲು ಎಷ್ಟು ದಿನ ಬೇಕೆಂದು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. ಕೆಲವರಿಗೆ 18 ದಿನ ಸಾಕಾಯಿತು. ಕೆಲವರಿಗೆ 254 ದಿನ ಬೇಕೆಂದು ಲೆಕ್ಕವಾಯಿತು. ನಡುಮಟ್ಟದವರಿಗೆ 66 ದಿನ. ನಡುವೆ ಒಂದು ದಿನ ತಪ್ಪಿಹೋದರೆ ಕಟ್ಟಿದ್ದೆಲ್ಲ ಕುಸಿಯುವುದಿಲ್ಲವೆಂಬುದನ್ನೂ ಅವರು ಕಂಡರು. ಈ ಕೊನೆಯ ಮಾತು ನಮ್ಮ ಹುಡುಗಿಯರ ಪಾಲಿಗೆ ಬಹು ಮುಖ್ಯ. ಜನವರಿ ತಿಂಗಳ ಮೊದಲ ದಿನ ಮಾಡಿದ ಸಂಕಲ್ಪವು ಐದನೆಯ ದಿನ ಮುರಿಯಿತೆಂದು ಅದನ್ನು ಬಿಟ್ಟುಬಿಡುವವರೇ ಹೆಚ್ಚು. ಮುರಿದದ್ದು ಒಂದು ದಿನ ಮಾತ್ರ. ಆರನೆಯ ದಿನವು ಇನ್ನೂ ಕೈಯಲ್ಲಿಯೇ ಇದೆ.

ಮೂರನೆಯದು, ಸಂದರ್ಭಗಳನ್ನು ಅನುಕೂಲಮಾಡಿಕೊಳ್ಳುವುದು. ಅವಸರವು ದಯೆಯನ್ನು ನುಂಗುವುದಾದರೆ, ಹತ್ತು ನಿಮಿಷ ಮುಂಚೆ ಮನೆಯಿಂದ ಹೊರಡುವುದೂ ಒಂದು ಧರ್ಮಕಾರ್ಯವೇ. ಸಿಡುಕುವ ಸ್ವಭಾವದವಳು ಹಸಿದ ಹೊತ್ತಿನಲ್ಲಿ ವಾದಕ್ಕೆ ನಿಲ್ಲಬಾರದು. ಚಾಡಿಮಾತಿನ ಚಪಲವುಳ್ಳವಳು ಅದೇ ಮಾತು ನಡೆಯುವ ಗುಂಪಿನಿಂದ, ಅದು ಶಾಲೆಯ ಜಗಲಿಯ ಮೇಲಿರಲಿ ಮೊಬೈಲಿನಲ್ಲಿರಲಿ, ದೂರವಿರಬೇಕು. ಶೋಧನೆಯ ಎದುರು ನಿಂತು ಜಯಿಸುವುದು ವೀರರ ಕೆಲಸವೆಂದು ಹೊಗಳುವವರುಂಟು. ಶೋಧನೆಯು ಕುಳಿತಿರುವ ಬೀದಿಯನ್ನೇ ಬಿಟ್ಟು ಬೇರೆ ಬೀದಿಯಲ್ಲಿ ನಡೆಯುವುದು ಜಾಣರ ಕೆಲಸ.

ನಾಲ್ಕನೆಯದು ವಿದ್ಯಾರ್ಥಿನಿಯರಿಗಿಂತ ಹೆಚ್ಚಾಗಿ ತಾಯಿತಂದೆಗಳಿಗೂ ಉಪಾಧ್ಯಾಯಿನಿಯರಿಗೂ ಸೇರಿದ್ದು. 1975ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಶೋಧನೆಯಲ್ಲಿ ಐದನೆಯ ತರಗತಿಯ ಒಂದು ವರ್ಗದ ಮಕ್ಕಳಿಗೆ ಕೊಠಡಿಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳಬೇಕೆಂದು ಹಲವು ದಿನ ಬೋಧಿಸಿದರು. ಇನ್ನೊಂದು ವರ್ಗಕ್ಕೆ ಬೋಧೆಯ ಬದಲು 'ನೀವು ಚೊಕ್ಕಟವಾದ ಮಕ್ಕಳು' ಎಂದು ಹೇಳುತ್ತಾ ಬಂದರು. ಕಡೆಗೆ ಕಸವನ್ನು ಎಣಿಸಿ ನೋಡುವಾಗ ಎರಡನೆಯ ವರ್ಗದ ಕೊಠಡಿಯೇ ಚೊಕ್ಕಟವಾಗಿತ್ತು. ಆ ನಡತೆಯೇ ಹೆಚ್ಚು ಕಾಲ ಉಳಿಯಿತು. ನಾವು ಯಾವ ಹೆಸರಿನಿಂದ ಕರೆಯುವೆವೋ ಮಗುವು ಆ ಹೆಸರಿಗೆ ತಕ್ಕಂತೆ ಬೆಳೆಯಲು ನೋಡುತ್ತದೆ. 'ಚೊಕ್ಕಟವಾದವಳು' ಎಂಬ ಹೆಸರಿಗೆ ಇಷ್ಟು ಬಲವಿದ್ದರೆ 'ಕಳ್ಳಿ', 'ಸುಳ್ಳುಗಾತಿ', 'ಮೊಂಡಿ' ಎಂಬ ಹೆಸರುಗಳಿಗೆ ಎಷ್ಟು ಬಲವಿರಬಾರದು? ಆ ಹೆಸರುಗಳನ್ನು ಶಾಲೆಯಲ್ಲಿಯೂ ಮನೆಯಲ್ಲಿಯೂ ಯಾರೂ ಉಚ್ಚರಿಸಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಹೀಗೆ ಹೇಳಿದರೆ ಶಿಸ್ತು ಸಡಿಲವಾಗಲಾರದೇ, ತಪ್ಪನ್ನು ತಪ್ಪೆಂದು ಹೇಳದೆ ಮುದ್ದಿಸುವುದರಿಂದ ಮಕ್ಕಳು ಕೆಡುವುದಿಲ್ಲವೇ ಎಂದು ಪೋಷಕರು ಶಂಕಿಸಬಹುದು. ಈ ಶಂಕೆಯು ನ್ಯಾಯವಾದದ್ದೇ. ನಮ್ಮ ಉತ್ತರವಿಷ್ಟೇ: ಕೃತ್ಯವನ್ನು ಅದರ ಸರಿಯಾದ ಹೆಸರಿನಿಂದ ಕರೆಯಬೇಕು, ಮಾಡಿದವಳನ್ನು ಆ ಹೆಸರಿನಿಂದ ಕರೆಯಬಾರದು. 'ನೀನು ಇದನ್ನು ಕದ್ದೆ' ಎಂಬ ಮಾತಿಗೂ 'ನೀನು ಕಳ್ಳಿ' ಎಂಬ ಮಾತಿಗೂ ಬಹು ದೂರ. ಮೊದಲನೆಯದನ್ನು ಕೇಳಿದವಳು ಪದಾರ್ಥವನ್ನು ಹಿಂದಕ್ಕೆ ಕೊಟ್ಟು ಕ್ಷಮೆ ಬೇಡಿ ಮುಗಿಸಬಹುದು. ಎರಡನೆಯದನ್ನು ಕೇಳಿದವಳಿಗೆ ಹಿಂದಕ್ಕೆ ಕೊಟ್ಟರೂ ಬಿಡುಗಡೆಯಿಲ್ಲ. ತಪ್ಪಿಗೆ ಪರಿಹಾರವನ್ನು ಕಟ್ಟುನಿಟ್ಟಾಗಿ ಮಾಡಿಸಬೇಕು. ಕೆಡಿಸಿದ್ದನ್ನು ಸರಿಪಡಿಸಬೇಕು, ಸುಳ್ಳನ್ನು ಹೇಳಿದವರ ಮುಂದೆಯೇ ಸತ್ಯವನ್ನು ಹೇಳಬೇಕು, ಎತ್ತಿಕೊಂಡದ್ದನ್ನು ಕೈಯಾರೆ ಒಪ್ಪಿಸಬೇಕು. ಇವುಗಳಲ್ಲಿ ಯಾವ ಸಡಿಲತೆಯೂ ಇಲ್ಲ. ತರಗತಿಯ ಮುಂದೆ ಬೆಂಚಿನ ಮೇಲೆ ನಿಲ್ಲುವುದಕ್ಕಿಂತ ಇವೇ ಕಠಿನವಾದವು.

ತಪ್ಪನ್ನು ಒಪ್ಪಿಕೊಳ್ಳುವುದರ ವಿಷಯವಾಗಿ ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿರುವ ಒಂದು ಸಂಗತಿಯನ್ನು ತಾಯಿತಂದೆಗಳೆಲ್ಲರೂ ತಿಳಿದಿರಬೇಕು. ಹದಿನೈದನೆಯ ವಯಸ್ಸಿನಲ್ಲಿ ಅವರು ಅಣ್ಣನ ಸಾಲವನ್ನು ತೀರಿಸುವುದಕ್ಕಾಗಿ ಅಣ್ಣನ ತೋಳಿನ ಕಡಗದಿಂದ ಚಿನ್ನದ ಒಂದು ತುಂಡನ್ನು ಕದ್ದರು. ಮನಸ್ಸು ಸುಡತೊಡಗಿದಾಗ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು, ತಕ್ಕ ಶಿಕ್ಷೆಯನ್ನು ಕೊಡಬೇಕೆಂದು ಬೇಡಿ, ರೋಗದಿಂದ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಂದೆಯು ಎದ್ದು ಕುಳಿತು ಓದಿ, ಕಣ್ಣೀರು ಸುರಿಸಿ, ಕಾಗದವನ್ನು ಹರಿದು ಪುನಃ ಮಲಗಿದರು. ಒಂದು ಬೈಗುಳಿಲ್ಲ, ಒಂದು ಏಟಿಲ್ಲ. ಹುಡುಗನ ಮೇಲೆ ಅದು ಬೀರಿದ ಪರಿಣಾಮವನ್ನು ಲೋಕವೇ ಬಲ್ಲದು. ಇದರಲ್ಲಿ ಎರಡು ಪಾಠಗಳುಂಟು. ಹುಡುಗನು ಕೇವಲ ಮನಸ್ಸಿನಲ್ಲಿ ನೊಂದುಕೊಂಡು ಸುಮ್ಮನಿರಲಿಲ್ಲ, ಒಪ್ಪಿಕೊಂಡನು. ತಂದೆಯು ಒಪ್ಪಿಕೊಂಡವನನ್ನು ಅವಮಾನಗೊಳಿಸಲಿಲ್ಲ. ಒಪ್ಪಿಕೊಂಡದ್ದಕ್ಕೆ ಏಟು ಬೀಳುವ ಮನೆಯಲ್ಲಿ ಮಕ್ಕಳು ಸತ್ಯವನ್ನು ಕಲಿಯುವುದಿಲ್ಲ, ಅಡಗಿಸುವ ವಿದ್ಯೆಯನ್ನು ಕಲಿಯುತ್ತಾರೆ.

ಇನ್ನು ಮರವಾದ ಮೇಲೆ ಬಗ್ಗಲಾರದೆಂಬ ಮಾತಿಗೆ ನಮ್ಮ ನಾಡಿನ ಬಂಡೆಗಳೇ ಉತ್ತರ ಕೊಡುತ್ತವೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕ ಚಕ್ರವರ್ತಿಯ ಶಾಸನವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹದಲ್ಲಿ ರಾಜನು ತನ್ನ ವಿಷಯವನ್ನೇ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತೆಂದೂ, ಮೊದಲು ತಾನು ಹೆಚ್ಚಾಗಿ ಶ್ರಮಿಸಲಿಲ್ಲವೆಂದೂ, ಒಂದು ವರ್ಷಕ್ಕೆ ಮೇಲ್ಪಟ್ಟ ಕಾಲದಿಂದ ಚೆನ್ನಾಗಿ ಶ್ರಮಿಸುತ್ತಿರುವೆನೆಂದೂ, ಇಂಥ ಫಲವು ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದೊರೆಯುವುದೆಂದೂ ಅದರ ಭಾವ. ಯುದ್ಧದಲ್ಲಿ ಕಳಿಂಗವನ್ನು ಗೆದ್ದ ಪ್ರಾಯದ ರಾಜನು ತನ್ನ ಆರಂಭದ ಆಲಸ್ಯವನ್ನು ಮರೆಮಾಚದೆ ಕಲ್ಲಿನಲ್ಲಿಯೇ ಕೆತ್ತಿಸಿದ್ದಾನೆ. ಹೆಸರು ಹಾಕಿಕೊಂಡ ಮಾತ್ರಕ್ಕೆ ಬದಲಾಗಲಿಲ್ಲ, ಶ್ರಮಿಸಿದಾಗ ಬದಲಾದೆನೆಂಬ ಈ ಸಾಕ್ಷಿಗಿಂತ ಹೆಚ್ಚಿನದು ನಮಗೆ ಯಾವುದು ಬೇಕು? ನಲವತ್ತು ದಾಟಿದ ಉಪಾಧ್ಯಾಯಿನಿಗೂ, ಮೊಮ್ಮಕ್ಕಳನ್ನು ಆಡಿಸುವ ಅಜ್ಜಿಗೂ ಈ ಮಾತು ಸಲ್ಲುತ್ತದೆ. ತಾವು ಬದಲಾಗಲು ಒಪ್ಪದ ಹಿರಿಯರ ಮಾತಿನಿಂದ ಕಿರಿಯರು ಬದಲಾಗುವುದು ಅಪರೂಪ.

ಕಡೆಯದಾಗಿ ಪ್ರಿಯ ವಿದ್ಯಾರ್ಥಿನಿಯರಿಗೂ, ಈಗ ಸಂಸಾರವನ್ನೂ ಉದ್ಯೋಗವನ್ನೂ ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಬಿನ್ನಹ. ಈ ಬರಹವನ್ನು ಓದಿ ಮುಗಿಸಿದ ಮೇಲೆ ಎಲ್ಲಾ ವಿಷಯಗಳಲ್ಲಿಯೂ ಉತ್ತಮರಾಗಬೇಕೆಂದು ಹೊರಡಬೇಡಿರಿ. ಸಡಿಲವಾದ ಒಂದೇ ಒಂದು ಎಳೆಯನ್ನು ಆರಿಸಿಕೊಳ್ಳಿರಿ. ಅದು ಅತ್ತೆಯವರೊಡನೆ ಆಡುವ ಬಿರುಸು ಮಾತಾಗಿರಬಹುದು. ತಂಗಿಯ ಅಂಕಗಳನ್ನು ಕಂಡು ಮೂಡುವ ಮತ್ಸರವಾಗಿರಬಹುದು. ಮನೆಗೆಲಸಕ್ಕೆ ಬರುವ ಹೆಂಗಸಿನ ಸಂಬಳವನ್ನು ತಡಮಾಡಿ ಕೊಡುವ ರೂಢಿಯಾಗಿರಬಹುದು. ಅದು ಎಲ್ಲಿ, ಯಾವ ಹೊತ್ತಿನಲ್ಲಿ, ಯಾರ ಮುಂದೆ ತಲೆಯೆತ್ತುತ್ತದೆಂದು ಒಂದು ವಾರ ನೋಡಿ ಬರೆದುಕೊಳ್ಳಿರಿ. ಅದರ ಸ್ಥಳದಲ್ಲಿ ಮಾಡಬಹುದಾದ ಒಂದು ಸಣ್ಣ ಒಳ್ಳೆಯ ಕೆಲಸವನ್ನು ಗೊತ್ತುಮಾಡಿಕೊಂಡು ಎರಡು ಮೂರು ತಿಂಗಳು ಬಿಡದೆ ಮಾಡಿರಿ; ತಪ್ಪಿದ ದಿನ ಸೋತೆವೆನ್ನದೆ ಮರುದಿನ ಪುನಃ ಹಿಡಿಯಿರಿ; ನಂಬಿಗಸ್ತಳಾದ ಒಬ್ಬ ಗೆಳತಿಗೆ ಅದನ್ನು ತಿಳಿಸಿರಿ. ಅದು ಗಟ್ಟಿಯಾದ ಮೇಲೆ ಇನ್ನೊಂದು ಎಳೆಗೆ ಕೈಹಾಕಿರಿ. ನಿಮ್ಮ ಸುತ್ತಲಿನವರೂ ಹೀಗೆಯೇ ತಮ್ಮ ತಮ್ಮ ಎಳೆಗಳನ್ನು ಬಿಗಿಯುತ್ತಿರುವರೆಂಬುದನ್ನು ನೆನಪಿನಲ್ಲಿಟ್ಟುಕೊಂಡು, ಅವರ ಸಡಿಲವಾದ ಎಳೆಯನ್ನೇ ಅವರ ಹೆಸರಾಗಿ ಮಾಡದಿರುವ ಕರುಣೆಯನ್ನೂ ಕಲಿಯಿರಿ.